ಬಿಗಿಯಾದ ಟೋಪಿ

ಶಿವಗಂಗವ್ವನಿಗೆ ಮಹಾದೇವಕ್ಕನ ಮೇಲೆ ಹೊಟ್ಟೆಕಿಚ್ಚು ಹತ್ತಿದ್ದು ಒಂದು ಸ್ವೆಟರಿನ ಮೇಲಿದ್ದ ಕೆಂಪು ಚುಕ್ಕಿಗಳ ದೆಸೆಯಿಂದ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ಗಂಡಸರು ಪಾಳಿಗೆ ಹೋದ ಮೇಲೆ ಕಾಲನಿಯ ಹೆಂಗಸರು ಮಹಿಳಾ ಮಂಡಳದ ಕೋಣೆಯಲ್ಲಿ ಕೂತು ಉಲನ್ ಹೆಣೆಯುತ್ತಿದ್ದರು. ಹೆಣಿಗೆಯ ಮಾದರಿಗಳೆಲ್ಲ ಇಂಗ್ಲಿಷ್ ಪುಸ್ತಕಗಳಲ್ಲಿದ್ದವು, ಅದೂ ಇಂಗ್ಲಿಷ್ ಬಲ್ಲವರಿಗೇ ತಿಳಿಯದ ಒಂಟಿ ಅಕ್ಷರಗಳಲ್ಲಿ. ಧಾರವಾಡದ ಕಾಲೇಜಿನಲ್ಲಿ ಓದಿದ್ದ ಶಿವಗಂಗವ್ವ ಅವನ್ನು ಬಿಡಿಸಿ, ಕನ್ನಡದವರಿಗೆಂದು ತನ್ನದೇ ಗುರುತುಗಳನ್ನು ಕಟ್ಟಿದಳು. ನೆಟ್ಟಗಿನ ಕುಣಿಕೆಗೆ ಒಂದು ಗೀಟು, ತಿರುವಿದ ಕುಣಿಕೆಗೆ ಒಂದು ಸೊನ್ನೆ. ಯಾವುದಾದರೂ ಭಾಗವನ್ನು ಸಾಲು ಮುಗಿಯುವವರೆಗೆ ಮತ್ತೆ ಮತ್ತೆ ಹೆಣೆಯಬೇಕಾದರೆ ಅದರ ಹಿಂದೊಂದು ಮುಂದೊಂದು ಚುಕ್ಕಿ. ಈ ಗುರುತುಗಳನ್ನು ಕಲಿಸಲು ಪುಸ್ತಕವನ್ನೂ ಬರೆದಳು. ಅದರ ಸೈಕ್ಲೋಸ್ಟೈಲ್ ಪ್ರತಿಗಳು ಹಳಿಯಾಳ, ಮುಂಡಗೋಡ ದಾಟಿ ಜೋಯಿಡಾದ ಕುಂಬಾರವಾಡದವರೆಗೆ ಹೋದವು. ಆ ಭಾಷೆ ಓದಬಲ್ಲವರು ಇಡೀ ಜಗತ್ತಿನಲ್ಲಿ ನೂರು ಜನ ಇರಲಿಕ್ಕಿಲ್ಲ. ಆದರೆ ಅವರೆಲ್ಲರಿಗೂ ತಾನೇ ಗುರು ಎಂಬ ಹಿಗ್ಗು ಅವಳಿಗಿತ್ತು.

ಹಾಗಿರುವಾಗ ಮಳಗಿಯ ಶಂಕ್ರವ್ವ ಆ ಪುಸ್ತಕ ನೋಡಿಕೊಂಡು ಹೆಣೆದ ಸ್ವೆಟರ್ ತಂದು ತೋರಿಸಿದಳು. ಪುಸ್ತಕದಲ್ಲಿ ಚುಕ್ಕಿ ಇದ್ದಲ್ಲೆಲ್ಲ ಕೆಂಪು ದಾರದಿಂದ ಒಂದೊಂದು ಚುಕ್ಕಿ ಹಾಕಿದ್ದಳು. ಯಾವ ಭಾಗವನ್ನೂ ಮತ್ತೆ ಹೆಣೆದಿರಲಿಲ್ಲವಾದ್ದರಿಂದ ಅದು ಬೆಕ್ಕಿನ ಮರಿಗೆ ತೊಡಿಸುವಷ್ಟೇ ಅಗಲವಾಗಿತ್ತು. ಎಲ್ಲರೂ ನಕ್ಕರು, ಶಿವಗಂಗವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ನಗದಿದ್ದವಳು ಮಹಾದೇವಕ್ಕ ಒಬ್ಬಳೇ. ಹಳಿಯಾಳದ ವ್ಯಾಪಾರಸ್ಥರ ಮನೆಯ ಮಗಳು, ಕಾರ್ಖಾನೆಯ ಸ್ಟೋರ್ ಕೀಪರನ ಹೆಂಡತಿ, ಮಾತುಗಾರ್ತಿ. ಅವತ್ತು ಮಾತ್ರ ಶಂಕ್ರವ್ವನ ಪಕ್ಕ ಕೂತು, "ನಿನಗ ಹಂಗ ಯಾಕ ಅನಸ್ತು ಹೇಳವಾ" ಎಂದು ಕೇಳಿ, ಅವಳು ಹೇಳಿದ್ದನ್ನು ಕೊನೆಯತನಕ ಕೇಳಿಸಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಮಹಾದೇವಕ್ಕನೂ ಒಂದು ಪುಸ್ತಕ ಬರೆದಿದ್ದಳು. ಗುರುತುಗಳು ಶಿವಗಂಗವ್ವನವೇ. ಮೊದಲ ಹಾಳೆಯಲ್ಲೇ ಅವಳ ಉಪಕಾರ ನೆನೆದಿದ್ದಳು. ಶಿವಗಂಗವ್ವನಿಗೆ ಅದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಪ್ರತಿ ಪಾಠದ ಕೊನೆಗೆ 'ಹೀಗಾದರೆ' ಎಂಬ ಭಾಗವಿತ್ತು. ಎಲ್ಲಿ ತಪ್ಪಬಹುದು, ಯಾಕೆ ತಪ್ಪುತ್ತದೆ, ಎಷ್ಟು ಬಿಚ್ಚಿದರೆ ಸಾಕು ಎಂದು ಎದುರಿಗೆ ಕೂತು ಮಾತಾಡಿದ ಹಾಗೆ ಬರೆದಿದ್ದಳು. ಹೆಂಗಸರ ತೊಡೆಯ ಮೇಲೆಲ್ಲ ಈಗ ಅದೇ ಪುಸ್ತಕ. ನೆರೆಮನೆಯ ಈರಕ್ಕನಲ್ಲಿ ತನ್ನ ಪುಸ್ತಕ ಮೊಸರಿನ ಗಡಿಗೆಯ ಬಾಯಿ ಮುಚ್ಚಿದ್ದನ್ನು ಶಿವಗಂಗವ್ವ ಕಣ್ಣಾರೆ ಕಂಡಳು. ಈರಕ್ಕ ಕೊಟ್ಟ ಚಹಾ ಅವಳಿಗೆ ರುಚಿಸಲಿಲ್ಲ.

ಆ ಚಳಿಗಾಲ ಗಡಿಯಲ್ಲಿ ಯುದ್ಧವಾಯಿತು. ಸೈನಿಕರಿಗೆ ಕಿವಿ ಮುಚ್ಚುವ ಟೋಪಿ ಹೆಣೆದು ಕಳಿಸಬೇಕೆಂದು ಊರೂರಿನ ಹೆಂಗಸರು ಮುಂದೆ ಬಂದರು. ಮಂಡಳದ ಅಧ್ಯಕ್ಷೆ ಗೋದುಬಾಯಿ, ಎರಡು ಪುಸ್ತಕಗಳಲ್ಲಿ ಒಂದನ್ನು ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿ ಎಲ್ಲ ಊರಿಗೂ ಹಂಚೋಣ, ಯಾವುದೆಂದು ಸೋಮವಾರ ಗೊತ್ತು ಮಾಡೋಣ ಎಂದರು. ಅಚ್ಚಾದ ಪುಸ್ತಕ ಉಳಿಯುತ್ತದೆ, ಇನ್ನೊಂದು ಗಡಿಗೆಯ ಮೇಲೇ ಉಳಿಯುತ್ತದೆ ಎಂಬುದು ಶಿವಗಂಗವ್ವನಿಗೆ ಗೊತ್ತಿತ್ತು.

ಮಹಾದೇವಕ್ಕನ ಪುಸ್ತಕದಲ್ಲಿ ಒಂದಾದರೂ ತಪ್ಪು ಹುಡುಕಬೇಕೆಂದು, ಅದರಲ್ಲಿ ಹೇಳಿದಂತೆಯೇ ಒಂದು ಟೋಪಿ ಹೆಣೆಯಲು ಕೂತಳು. ಅದೇ ಕಡ್ಡಿ, ಅದೇ ಉಲನ್. 'ಹೀಗಾದರೆ' ಭಾಗವನ್ನು ಮಾತ್ರ ಓದಲಿಲ್ಲ. ತಪ್ಪುವವರಿಗೆ ಬರೆದದ್ದು ತನಗೇಕೆ ಎಂದು ಹಾಳೆ ಮಗುಚಿದಳು. ಗಂಡ ಬಸಲಿಂಗಯ್ಯ ಸ್ವಲ್ಪ ಹೊತ್ತು ನೋಡಿ, "ಆ ಉಲನ್ ಏನ್ ಮಾಡೇತಿ ನಿನಗ? ಅದರ ಕುತ್ತಿಗಿ ಹಿಚುಕಾಕತ್ತಿಯಲ್ಲ" ಅಂದ. ಅವಳು ದಾರವನ್ನು ಇನ್ನಷ್ಟು ಎಳೆದು ಮುಂದಿನ ಕುಣಿಕೆ ಹಾಕಿದಳು. ಟೋಪಿ ಮುಗಿದಾಗ ಅದು ಚಿಕ್ಕದಾಗಿ ಬಂದಿತ್ತು. ಅಷ್ಟು ಸಂತೋಷ ಅವಳಿಗೆ ಬಹಳ ದಿನದಿಂದ ಆಗಿರಲಿಲ್ಲ.

ಸೋಮವಾರ ಎಲ್ಲರೆದುರು ಅದನ್ನು ಮಂಡಳದ ಕಾವಲುಗಾರ ಉಳವಪ್ಪನ ತಲೆಗೆ ಹಾಕಿಸಿದಳು. ಟೋಪಿ ಕಿವಿ ಮುಟ್ಟದೆ ಮೇಲೇ ನಿಂತಿತು. ಇದು ಮಹಾದೇವಕ್ಕನ ಪುಸ್ತಕದ ಲೆಕ್ಕ, ಇಂಥದನ್ನು ಹಿಮದಲ್ಲಿ ನಿಂತವರಿಗೆ ಕಳಿಸುವುದೇ ಎಂದು ಕೇಳಿದಳು. ಹೆಂಗಸರು ಮಹಾದೇವಕ್ಕನ ಮುಖ ನೋಡಿದರು.

ಮಹಾದೇವಕ್ಕ ಟೋಪಿ ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸಲ ಒತ್ತಿದಳು. ತನ್ನ ಪುಸ್ತಕ ತೆರೆದು ಒಂದು ಕಡೆ ಕಣ್ಣಾಡಿಸಿ, ಅಲ್ಲಿದ್ದ ಬರಹವನ್ನು ಅಂಗೈಯಿಂದ ಮುಚ್ಚಿದಳು. "ನನ್ನ ಲೆಕ್ಕಾನ ತಪ್ಪಿರಬೇಕ್ರಿ. ಶಿವಗಂಗಕ್ಕಾರ ಪುಸ್ತಕಾನ ಅಚ್ಚಿಗೆ ಹೋಗ್ಲಿ" ಎಂದಳು.

ಪಕ್ಕದಲ್ಲೇ ನಿಂತಿದ್ದ ಶಿವಗಂಗವ್ವನಿಗೆ ಬೆರಳುಗಳ ಸಂದಿಯಲ್ಲಿ 'ಹೀಗಾದರೆ' ಭಾಗದ ಅಕ್ಷರಗಳು ಕಂಡವು. 'ಟೋಪಿ ಸಣ್ಣದಾದರೆ ಒತ್ತಿ ನೋಡಿ. ಹಿಗ್ಗದಿದ್ದರೆ ಲೆಕ್ಕ ತಪ್ಪಿಲ್ಲ, ಸಿಟ್ಟಿನಲ್ಲಿ ಹೆಣೆದಿದ್ದೀರಿ. ಯಾರ ಮೇಲೆ ಸಿಟ್ಟೋ ಅವರ ಮನೆಯಲ್ಲಿ ಚಹಾ ಕುಡಿದು ಬಂದು ಮತ್ತೆ ಹೆಣೆಯಿರಿ.'

ಗೋದುಬಾಯಿ ಆಗಲೇ ಅವಳ ಪುಸ್ತಕಕ್ಕೆ ಕೈ ಚಾಚಿದ್ದರು. ಕೊಟ್ಟುಬಿಟ್ಟರೆ ಮುಗಿಯಿತು. ಬೇಕಾದದ್ದು ಸಿಕ್ಕೇ ಹೋಗಿತ್ತು. ಆದರೆ ಮಹಾದೇವಕ್ಕನ ಸೌಮ್ಯವಾದ ಮುಖ ನೋಡಿದಾಗ ಶಿವಗಂಗವ್ವನ ಹೊಟ್ಟೆಯಲ್ಲಿ ಬೆಂಕಿಯೇ ಬಿತ್ತು. ಪುಸ್ತಕವನ್ನು ಚೆನ್ನಾಗಿ ಬರೆದದ್ದು ಸಾಲದೆಂದು ಈಗ ಮಾಡದ ತಪ್ಪನ್ನು ಒಪ್ಪಿಕೊಂಡು ದೊಡ್ಡವಳೂ ಆಗುತ್ತಾಳೆಯೇ? ಅದೊಂದನ್ನು ಮಾತ್ರ ಅವಳಿಗೆ ಬಿಟ್ಟುಕೊಡಲು ಸಾಧ್ಯವಿರಲಿಲ್ಲ.

"ಲೆಕ್ಕ ಬರೋಬ್ಬರಿ ಐತ್ರಿ ಬಾಯಾರ" ಎಂದಳು ಶಿವಗಂಗವ್ವ. "ನನ್ನ ಕೈ ಬಿಗಿ ಇತ್ತು. ಆಕಿ ಪುಸ್ತಕಾನ ಅಚ್ಚ ಹಾಕಸ್ರಿ."

ಗೋದುಬಾಯಿ ಚಾಚಿದ ಕೈಯನ್ನು ಮಹಾದೇವಕ್ಕನ ಕಡೆ ತಿರುಗಿಸಿದರು. ಶಿವಗಂಗವ್ವ ಟೋಪಿ ಇಸಿದುಕೊಂಡು ಕೂತು, ದಾರದ ತುದಿ ಹುಡುಕಿ ಎಳೆದಳು. ಸಾಲು ಸಾಲಾಗಿ ಬಿಚ್ಚತೊಡಗಿತು. ಮಹಾದೇವಕ್ಕ ಎದುರಿಗೆ ಬಂದು ಕೂತು, ಬಿಚ್ಚಿದ ದಾರವನ್ನು ಸಿಕ್ಕಾಗದಂತೆ ಉಂಡೆ ಸುತ್ತತೊಡಗಿದಳು. ಉಂಡೆ ಗುಂಡಗೆ, ಮೆತ್ತಗೆ ಬೆಳೆಯುತ್ತಿತ್ತು. ಇಷ್ಟು ಚಂದದ ಉಂಡೆ ತನ್ನ ಕೈಯಲ್ಲಿ ಎಂದೂ ಬಂದಿಲ್ಲವಲ್ಲ ಎನ್ನಿಸಿ ಶಿವಗಂಗವ್ವನ ಹೊಟ್ಟೆ ಮತ್ತೆ ಚುರುಕ್ಕೆಂದಿತು.