ಪಟ್ಟಿಯ ಕೆಳಗಿನ ಸ್ಪ್ರಿಂಗ್

ಬಂದೂಕಿಗೆ ಹಚ್ಚುವ ಎಣ್ಣೆಯ ವಾಸನೆ ನನ್ನ ಬಾಲ್ಯದ ಭಾನುವಾರಗಳ ವಾಸನೆ. ಅದು ನೆನಪಾದಾಗಲೆಲ್ಲ ಒಂದು ಚಿಕ್ಕ ಸ್ಪ್ರಿಂಗಿಗೂ ಅಮ್ಮನಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅಪ್ಪ ಗುರಿಕಾರರ ಸಂಘದಲ್ಲಿ ತಾತನ ಹಳೆಯ ರೈಫಲ್ ಹಿಡಿದೇ ಸ್ಪರ್ಧಿಸುತ್ತಿದ್ದರು. ಆ ವರ್ಷ ಅವರ ಗುಂಡುಗಳು ಗುರಿಗಿಂತ ಕೆಳಗೆ ಬೀಳತೊಡಗಿದವು. ರೈಫಲ್ಲಿನಲ್ಲೇ ಏನೋ ದೋಷವಿದೆ ಎಂದು ಅಪ್ಪ ಅಂದರೆ ಗೆಳೆಯರು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ! ಕನ್ನಡಕ ಹಾಕ್ಕೊಳ್ಳಯ್ಯ" ಎಂದು ನಕ್ಕರು. ಕಣ್ಣು ಹೋಯಿತೆಂದು ಅಪ್ಪನೂ ನಂಬಿ, ತಂಡ ಬಿಡುವ ಪತ್ರ ಬರೆದಿಟ್ಟರು.

ಗಡಿಯಾರ ರಿಪೇರಿ ಮಾಡುತ್ತಿದ್ದ ಅಮ್ಮ ಕೇಳಿದಳು, "ಮೊದಲನೇ ಗುಂಡು ಎಲ್ಲಿ ಬೀಳುತ್ತೆ?"

"ನಟ್ಟನಡುವೆ. ಆಮೇಲಿನವೇ ಕೆಳಗೆ."

"ಹಾಗಾದ್ರೆ ಕಣ್ಣಲ್ಲ ರೀ. ಕಣ್ಣು ಕೆಟ್ಟಿದ್ರೆ ಮೊದಲನೇದೂ ತಪ್ಪಬೇಕಿತ್ತು."

ರೈಫಲ್ಲಿನ ನಳಿಕೆಯ ಮೇಲೆ ಗುರಿ ನೋಡಲು ಇರುವ ಲೋಹದ ಪಟ್ಟಿಯನ್ನು ಬಿಚ್ಚಿದಳು. ಅದನ್ನು ಎತ್ತಿ ಹಿಡಿಯಬೇಕಾದ, ಉಗುರಿನಷ್ಟಗಲದ ಸ್ಪ್ರಿಂಗ್ ಸೋತುಹೋಗಿತ್ತು. ಅಪ್ಪ ಮೊದಲಿಗೆ ಸರಿಯಾಗಿ ಎತ್ತಿಟ್ಟರೂ ಪ್ರತಿ ಗುಂಡಿನ ಹೊಡೆತಕ್ಕೂ ಪಟ್ಟಿ ಒಂದಿಷ್ಟು ಕುಸಿದು, ಮುಂದಿನ ಗುಂಡು ಇನ್ನಷ್ಟು ಕೆಳಗೆ ಬೀಳುತ್ತಿತ್ತು.

"ಈ ಸಲ ನೆಲಾನೇ ಡೊಂಕು!" ಎಂದು ಅಮ್ಮ ನಕ್ಕಳು. ಕೆಟ್ಟ ಗೋಡೆ ಗಡಿಯಾರದ ಸ್ಪ್ರಿಂಗನ್ನು ಕತ್ತರಿಸಿ, ಬಾಗಿಸಿ, ಅಲ್ಲಿ ಕೂರಿಸಿದಳು.

ಮುಂದಿನ ಭಾನುವಾರ ಅಪ್ಪ ಹತ್ತಕ್ಕೆ ಹತ್ತೂ ನಡುವೆ ಹೊಡೆದು ಬಂದರು. ಅಮ್ಮ ಊಟವನ್ನೂ ಮರೆತು ಯಾರದೋ ಕೈಗಡಿಯಾರದ ಮೇಲೆ ಬಗ್ಗಿದ್ದಳು. "ಏನಾಯ್ತು ರೀ?" ಅಂದಳು. ಅಪ್ಪ ಆ ಪತ್ರವನ್ನು ಒಲೆಗೆ ಹಾಕಿ, ಅದೇ ಉರಿಯಲ್ಲಿ ಊಟ ಬಿಸಿಮಾಡಿ, ತಟ್ಟೆಯನ್ನು ಅವಳ ಕೈಗಿತ್ತರು.