ಟುರಾಂಗ್ ಅಜ್ಜಿ ಆಡದ ಮಾತು

ಎಬಿಲ್‌ಳ ಅಡುಗೆಮನೆಯಲ್ಲಿ ಅನ್ನದ ದೊಡ್ಡ ಪಾತ್ರೆಯನ್ನು ಕವುಚಿಟ್ಟು ಬಹಳ ದಿನವಾಗಿತ್ತು. ಮೊದಲಾದರೆ ಬೆಳಕು ಹರಿಯುವ ಮುಂಚೆ ಅದು ಒಲೆ ಏರುತ್ತಿತ್ತು. ಪ್ರವಾಸಿಗರನ್ನು ಹವಳದ ದಿಬ್ಬಗಳಿಗೆ ಕರೆದೊಯ್ಯುವ ದೋಣಿಗಳಿಗೆ ಮಧ್ಯಾಹ್ನದ ಬುತ್ತಿ ಕಟ್ಟಿಕೊಡುವುದು ಅವಳ ಕಸುಬು. ಅನ್ನ, ಹುರಿದ ಮೀನು, ಬೇಯಿಸಿದ ಕೆಸುವಿನ ಗಡ್ಡೆಯ ಒಂದು ತುಂಡು. ಅವಳ ತಮ್ಮ ಟೆಲೈಗೆ ಸ್ವಂತ ದೋಣಿಯಿತ್ತು. ಅಕ್ಕನ ಬುತ್ತಿ, ತಮ್ಮನ ದೋಣಿ. ಎರಡು ಮನೆಗಳು ನೆಮ್ಮದಿಯಾಗಿ ನಡೆಯುತ್ತಿದ್ದವು.

ಈಗ ದೋಣಿಗಳಿಗೆ ಟಾರ್ಪಾಲು ಹೊದಿಸಿ ದಡದಲ್ಲಿ ಕಟ್ಟಿಹಾಕಿದ್ದರು. ಹೊರಗಿನವರು ಪಲಾವ್ ಎಂದು ಕರೆಯುವ ಬೆಲಾವು ಬಹಳ ಚಿಕ್ಕ ದೇಶ. ಅದಕ್ಕೊಬ್ಬ ಹಳೆಯ ಗೆಳೆಯ. ಅದೂ ಒಂದು ದ್ವೀಪವೇ. ಆ ಗೆಳೆಯನನ್ನು ಕಂಡರಾಗದ ದೊಡ್ಡ ದೇಶವೊಂದಿತ್ತು. ಪ್ರವಾಸಿಗರಲ್ಲಿ ಬಹುಪಾಲು ಜನ ಬರುತ್ತಿದ್ದುದು ಆ ದೊಡ್ಡ ದೇಶದಿಂದಲೇ. ಅವರ ಮಾತು ಸರಳವಾಗಿತ್ತು: ನೀವು ಆ ಗೆಳೆತನ ಬಿಡಿ, ನಾವು ವಿಮಾನ ಬಿಡುತ್ತೇವೆ. ಬೆಲಾವು ಗೆಳೆತನ ಬಿಡಲಿಲ್ಲ. ವಿಮಾನ ಬರುವುದು ನಿಂತಿತು.

ಊರಿನಲ್ಲಿ ಗೊಣಗಾಟ ಶುರುವಾದದ್ದು ಆಗಲೇ. ಟೆಲೈಯಂತೂ ಅಕ್ಕನ ಮನೆಯ ಜಗಲಿಯಲ್ಲಿ ಕೂತು ದಿನಾ ಅದನ್ನೇ ಹೇಳುತ್ತಿದ್ದ.

"ಅಕ್ಕ, ಗೆಳೆತನಾನ ಏನು ಬೇಯಿಸ್ಕೊಂಡು ತಿನ್ನೋದಾ?"

"ನೀನು ದಿನಾ ಇಲ್ಲಿ ತಿನ್ನೋದು ಕೆಸುವಿನೆಲೆ ಸಾರು. ತಿಂದು ಸುಮ್ನೆ ಹೋಗು," ಎನ್ನುತ್ತಿದ್ದಳು ಎಬಿಲ್. ಬಾಯಲ್ಲಿ ಹಾಗೆ ಅಂದರೂ ಅವಳ ಮನಸ್ಸಿನಲ್ಲೂ ಅದೇ ಪ್ರಶ್ನೆ ಕೊರೆಯುತ್ತಿತ್ತು.

ಅವಳ ಗಂಡ ರೆಂಗಿಲ್‌ಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲೆ ಹೆಣೆಯುವುದರಲ್ಲಿ ಊರಿಗೇ ಹೆಸರಾದವನು ಈಗ ಬೆರಳಿನಿಂದ ಗಂಟು ತಡವಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಗೆಳೆಯ ದೇಶದ ಕಣ್ಣಿನ ವೈದ್ಯರು ಸೋಮವಾರ ಊರ ದವಾಖಾನೆಗೆ ಬರುವವರಿದ್ದರು. ಇಲ್ಲಿ ಪರೀಕ್ಷೆ ಮಾಡಿ, ಬೇಕಾದವರಿಗೆ ಕೊರೋರ್ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುತ್ತಾರೆಂದು ದವಾಖಾನೆಯ ನರ್ಸ್ ಫೌಸ್ತಿನಾ ಮನೆಮನೆಗೆ ಬಂದು ಹೇಳಿ ಹೋಗಿದ್ದಳು. ರೆಂಗಿಲ್ ಆಗಿನಿಂದಲೇ ಒಳ್ಳೆಯ ಅಂಗಿ ತೆಗೆದಿಟ್ಟಿದ್ದ.

ಹಾಗಿರುವಾಗ ಶನಿವಾರ ಬೆಳಿಗ್ಗೆ ಎಬಿಲ್‌ಳ ಫೋನಿಗೆ ದನಿಯ ಮೆಸೇಜೊಂದು ಬಂತು.

ಅದು ಟುರಾಂಗ್ ಅಜ್ಜಿಯ ದನಿ. ಟುರಾಂಗ್ ಅಜ್ಜಿ ಆ ಊರ ಹೆಂಗಸರಲ್ಲೆಲ್ಲ ಹಿರಿಯಳು. ಊರಿನ ಮುಖಂಡ ಯಾರಾಗಬೇಕು, ಯಾರು ಇಳಿಯಬೇಕು ಎಂದು ತೀರ್ಮಾನಿಸುವ ಹಕ್ಕು ಅವಳ ಮನೆತನದ ಹೆಂಗಸರಿಗೆ ಸೇರಿದ್ದು. ಅವಳು ಹೇಳಿದರೆ ಗಂಡಸರು ಎರಡನೆಯ ಮಾತಾಡುವಂತಿಲ್ಲ. ಫೋನಿನಲ್ಲಿ ಆ ದನಿ ಹೇಳುತ್ತಿತ್ತು: ಗೆಳೆಯ ದೇಶದವರು ಮೀನಿನ ಹೊಂಡ ತೋಡಲು ನಮ್ಮ ಕೆಸುವಿನ ಗದ್ದೆಗಳನ್ನು ಬರೆಸಿಕೊಂಡಿದ್ದಾರೆ. ಸೋಮವಾರ ಬರುವವರು ವೈದ್ಯರಲ್ಲ, ಗದ್ದೆ ಅಳೆಯುವವರು. ಅವರನ್ನು ಊರೊಳಗೆ ಬಿಡಬೇಡಿ. ಇದನ್ನು ಎಲ್ಲರಿಗೂ ಕಳಿಸಿ.

ಗದ್ದೆ ಎಬಿಲ್‌ಳ ತಾಯಿಯದು, ತಾಯಿಯ ತಾಯಿಯದು. ಒಲೆಯ ಮೇಲಿನ ಸಾರು ಉಕ್ಕಿ ಸುರಿದದ್ದೂ ಅವಳಿಗೆ ತಿಳಿಯಲಿಲ್ಲ. ಕೊರೋರಿನಲ್ಲಿದ್ದ ಮಗಳಿಗೆ, ಗುವಾಮ್ ದ್ವೀಪದಲ್ಲಿದ್ದ ಚಿಕ್ಕಮ್ಮನ ಮಗಳಿಗೆ, ಚರ್ಚಿನ ಹೆಂಗಸರ ಗುಂಪಿಗೆ, ಎಲ್ಲರಿಗೂ ಕಳಿಸಿಬಿಟ್ಟಳು.

ಸ್ವಲ್ಪ ಹೊತ್ತಿನಲ್ಲೇ ಟೆಲೈ ಬಂದ. "ಕೇಳಿದ್ಯಾ ಅಕ್ಕ? ನಾನು ಹೇಳಿದ್ರೆ ನಗ್ತಿದ್ದೆ. ಈಗ ಅಜ್ಜಿನೇ ಹೇಳಿದ್ರು. ಸೋಮವಾರ ದೋಣಿ ಎಳ್ಕೊಂಡು ಬಂದು ರಸ್ತೆಗೆ ಅಡ್ಡ ಹಾಕ್ತೀವಿ. ಅದು ಹೆಂಗೆ ಬರ್ತಾರೋ ನೋಡ್ತೀನಿ."

ಒಳಗಿನಿಂದ ರೆಂಗಿಲ್ ಕೇಳಿದ, "ಹಾಗಾದ್ರೆ ನನ್ನ ಕಣ್ಣು?"

ಎಬಿಲ್ ಒಲೆಯ ಮೇಲೆ ಉಕ್ಕಿದ ಸಾರು ಒರೆಸತೊಡಗಿದಳು.

ಆ ಹೊತ್ತಿಗೆ ಫೌಸ್ತಿನಾ ಬಂದಳು. ಬರುವಾಗಲೇ ಅವಳ ಮುಖ ಗಂಟಿಕ್ಕಿತ್ತು. ಮೂರು ಮನೆಯವರು ಸೋಮವಾರ ಬರುವುದಿಲ್ಲವೆಂದು ಆಗಲೇ ಹೇಳಿ ಕಳಿಸಿದ್ದರು.

"ಎಬಿಲಕ್ಕ, ಇದನ್ನ ಕಳಿಸಿದ್ದು ಯಾರು ನಿಂಗೆ?"

"ನನ್ನ ಓರಗಿತ್ತಿ."

"ಅವಳಿಗೆ?"

"ಅವಳಿಗೆ ಯಾರೋ. ಯಾರಾದ್ರೇನು, ದನಿ ಅಜ್ಜಿದೇ ಅಲ್ವಾ? ಹುಟ್ಟಿದಾಗಿಂದ ಬೈಸ್ಕೊಂಡಿದ್ದೀನಿ, ಆ ದನಿ ಗೊತ್ತಾಗಲ್ವಾ ನಂಗೆ?"

"ಅಜ್ಜಿನ ಕೇಳಿದ್ಯಾ?"

"ಕೇಳಿದೆನಲ್ಲ, ಫೋನಲ್ಲಿ."

"ಫೋನಲ್ಲಿ ಕೇಳಿಸ್ಕೊಂಡೆ. ಅಜ್ಜಿನ ಕೇಳಿದ್ಯಾ ಅಂತ ನಾನು ಕೇಳ್ತಿರೋದು."

ಎಬಿಲ್ ಬಾಗಿಲಾಚೆ ನೋಡಿದಳು. ಅಜ್ಜಿಯ ಗದ್ದೆ ಅವಳ ಮನೆಯಿಂದ ಕೂಗಳತೆಯಲ್ಲಿತ್ತು.

"ಲಸಿಕೆ ಹಾಕುವಾಗ್ಲೂ ಹಿಂಗೇ ಆಯ್ತು," ಎಂದಳು ಫೌಸ್ತಿನಾ. "ಸೂಜಿ ಚುಚ್ಚಿಸ್ಕೊಂಡ್ರೆ ಮಕ್ಕಳಾಗಲ್ಲ ಅಂತ ಯಾರೋ ಹಬ್ಬಿಸಿದ್ರು. ಟೆಲೈ, ಆಮೇಲೆ ನಿಂಗೆ ಅವಳಿ ಮಕ್ಕಳಾಯ್ತು."

"ಆ ಮಾತು ಈಗ್ಯಾಕೆ?" ಎಂದ ಟೆಲೈ. "ನಡಿ, ಹೋಗೋಣ. ಅಜ್ಜಿ ಎದುರಿಗೇ ಹೇಳಿಸ್ತೀನಿ ನಿಂಗೆ."

ಮೂವರೂ ಹೊರಟರು. ಟುರಾಂಗ್ ಅಜ್ಜಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಗಡ್ಡೆ ಕೀಳುತ್ತಿದ್ದಳು. ಬಂದವರನ್ನು ನೋಡಿ, "ಅಬ್ಬ, ಸಹಾಯಕ್ಕೆ ಬಂದ್ರಾ?" ಎಂದಳು. ಸಹಾಯಕ್ಕಲ್ಲವೆಂದು ತಿಳಿದಾಗ ಬದುವಿನ ಮೇಲೆ ಕೂತು ಎಲೆಯಡಿಕೆ ತೆಗೆದಳು. ಎಬಿಲ್ ಫೋನು ಹಚ್ಚಿ ಅವಳ ಕಿವಿಯ ಹತ್ತಿರ ಹಿಡಿದಳು.

ಅಜ್ಜಿ ಕೊನೆಯವರೆಗೂ ಕೇಳಿದಳು. "ಇನ್ನೊಂದ್ಸಲ ಹಾಕು," ಎಂದು ಮತ್ತೆ ಕೇಳಿದಳು. ಅಡಿಕೆ ಅಗಿಯುವುದು ನಿಂತಿತ್ತು.

"ಇವಳು ಚೆನ್ನಾಗಿ ಮಾತಾಡ್ತಾಳೆ," ಎಂದಳು ಕೊನೆಗೆ. "ನಂಗೆ ಇಷ್ಟುದ್ದ ಮಾತಾಡೋಕೆ ಉಸಿರೆಲ್ಲಿದೆ? ನಾನು ಹೇಳಿಲ್ಲ ಇದನ್ನ."

ಟೆಲೈ ನಂಬಲಿಲ್ಲ. "ಅಜ್ಜಿ, ದನಿ ನಿಮ್ಮದೇ ಅಲ್ವಾ?"

"ದನಿ ನಂದೇ ಕಣೋ. ಮಾತು ನಂದಲ್ಲ."

ಫೌಸ್ತಿನಾ ವಿವರಿಸಿದಳು. ಹೋದ ವರ್ಷ ಅಜ್ಜಿ ರೇಡಿಯೋದಲ್ಲಿ ಹಳೆಯ ಕಾಲದ ಮಾತುಗಳನ್ನಾಡಿದ್ದಳು. ಅಂಥ ಮಾತಿನ ತುಣುಕು ಸಿಕ್ಕರೆ ಸಾಕು, ಅದೇ ದನಿಯಲ್ಲಿ ಏನನ್ನು ಬೇಕಾದರೂ ಹೇಳಿಸುವ ಯಂತ್ರಗಳು ಈಗ ಬಂದಿವೆ. ಮುಖವನ್ನೂ ಹಾಗೆಯೇ ಮಾಡಬಹುದು. ಕಣ್ಣು ಕಿವಿ ಎರಡನ್ನೂ ಮೋಸಗೊಳಿಸಬಹುದು.

"ಯಾರು ಮಾಡಿದ್ದು? ಆ ದೊಡ್ಡ ದೇಶದವರಾ?" ಎಂದಳು ಎಬಿಲ್. ಅವಳಿಗೆ ಈಗ ಸಿಟ್ಟು ಬಂದಿತ್ತು.

"ಗೊತ್ತಿಲ್ಲ ಅಕ್ಕ. ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂದ್ರೆ ನಾನೂ ಇಂಥದೇ ಇನ್ನೊಂದು ಹಬ್ಬಿಸಿದ ಹಾಗಾಗುತ್ತೆ."

ಅಜ್ಜಿ ತಲೆಯಾಡಿಸಿದಳು. "ನಮ್ಮ ನೆಲ ಹೊರಗಿನವರ ಹೆಸರಿಗೆ ಆಗೋ ಹಾಗೇ ಇಲ್ಲ. ಅದು ನಮ್ಮ ದೇಶದ ಕಾನೂನು. ಶಾಲೆ ಮಗೂಗೂ ಗೊತ್ತು. ನೀವು ನಂಬಿದ್ರಿ. ಇರ್ಲಿ, ಬೆಳಿಗ್ಗೆಯಿಂದ ಊರೆಲ್ಲ ಕೂತು ನನ್ನ ಮಾತು ಕೇಳ್ತಿದ್ಯಾ? ಕೆಸು ಕೀಳೋಕೆ ಬನ್ರೋ ಅಂತ ವಾರದಿಂದ ಕೂಗ್ತಿದ್ದೀನಿ, ಒಬ್ರೂ ಕೇಳಲಿಲ್ಲ."

ಫೌಸ್ತಿನಾ ನಕ್ಕಳು. ಎಬಿಲ್‌ಗೂ ನಗು ಬಂತು. ಟೆಲೈ ನಗಲಿಲ್ಲ.

"ಸುಳ್ಳೇ ಇರ್ಲಿ ಅಜ್ಜಿ," ಎಂದ. "ನನ್ನ ದೋಣಿ ದಡದಲ್ಲಿ ಬಿದ್ದಿರೋದು ಸುಳ್ಳಲ್ವಲ್ಲ. ನನ್ನ ಮಕ್ಕಳು ಕೇಳ್ತಾವೆ, ಅಪ್ಪ ಯಾವಾಗ ಸಮುದ್ರಕ್ಕೆ ಹೋಗ್ತೀಯಾ ಅಂತ."

ಅಜ್ಜಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. "ಹೌದು ಕಣಪ್ಪ. ಅದು ನಿಜ. ನಿಜವಾದ ಕಷ್ಟಾನ ಸುಳ್ಳಿನ ಜೊತೆ ಕಲಸಬಾರದು. ನಾಳೆ ಚರ್ಚ್ ಮುಗಿದ ಮೇಲೆ ಎಲ್ಲರೂ ಚಾವಡಿಗೆ ಬನ್ನಿ. ಅಲ್ಲಿ ಹೇಳು ಇದನ್ನ."

ಭಾನುವಾರ ಚಾವಡಿ ತುಂಬಿತು. ಮೊದಲು ಅಜ್ಜಿ ಎದ್ದು ನಿಂತು, ಆ ಮಾತು ತನ್ನದಲ್ಲವೆಂದು ಹೇಳಿದಳು. ಆಮೇಲೆ ಟೆಲೈ ಮಾತಾಡಿದ. ಮುಚ್ಚುಮರೆ ಇಲ್ಲದೆ ಮಾತಾಡಿದ. ಗೆಳೆತನ ಸಾಕೆಂದು ಊರಿನವರೆಲ್ಲ ಸರ್ಕಾರಕ್ಕೆ ಹೇಳಿದರೆ ಪ್ರವಾಸಿಗರನ್ನು ಮೊದಲು ಈ ಊರಿಗೇ ಕಳಿಸುತ್ತೇವೆಂದು ಪ್ರವಾಸದ ಏಜೆಂಟನೊಬ್ಬ ತನಗೆ ಮಾತು ಕೊಟ್ಟಿದ್ದಾನೆಂದೂ ಹೇಳಿಬಿಟ್ಟ. ಕೆಲವರು ತಲೆಯಾಡಿಸಿದರು. ಅವರ ದೋಣಿಗಳೂ ದಡದಲ್ಲೇ ಇದ್ದವು.

ಆಗ ಎಬಿಲ್ ಎದ್ದಳು. ಚಾವಡಿಯಲ್ಲಿ ಅವಳು ಎಂದೂ ಮಾತಾಡಿದವಳಲ್ಲ.

"ನನ್ನ ಒಲೆನೂ ಆರಿದೆ," ಎಂದಳು. "ನಂಗೂ ಆ ವಿಮಾನ ಬೇಕು. ಆದ್ರೆ ಒಂದು ಯೋಚನೆ ಮಾಡಿ. ನಮ್ಮ ಪಕ್ಕದ ಮನೆಯವರು ಬಂದು, ನಿನ್ನ ತಂಗಿ ಜೊತೆ ಮಾತು ಬಿಡು, ಆಗ ನಿನ್ನ ಹತ್ರ ಮೀನು ಕೊಳ್ತೀನಿ ಅಂದ್ರೆ ಏನು ಹೇಳ್ತೀರಿ? ಇವತ್ತು ತಂಗಿ ಅಂತಾರೆ. ನಾಳೆ ಇನ್ಯಾರನ್ನ ಬಿಡು ಅಂತಾರೋ. ಒಂದ್ಸಲ ಹೆದರಿದ್ವಿ ಅಂತ ಗೊತ್ತಾದ್ರೆ ಹೆದರಿಸೋರು ಸುಮ್ನಿರ್ತಾರಾ? ಅವರ ಜೊತೆನೂ ನಮಗೆ ಜಗಳ ಬೇಡ. ಬರೋರು ಬರ್ಲಿ, ಬುತ್ತಿ ಕಟ್ಟಿಕೊಡ್ತೀನಿ. ಆದ್ರೆ ನಮ್ಮ ಮನೆಗೆ ಯಾರು ಬರಬೇಕು ಅಂತ ಹೇಳೋರು ನಾವು."

ಹಿಂದಿನ ಸಾಲಿನಲ್ಲಿದ್ದ ಮುದುಕನೊಬ್ಬ, "ಈ ಹೆಂಗಸು ಇಷ್ಟು ದಿನ ಎಲ್ಲಿದ್ಲು?" ಎಂದ.

"ಅಡುಗೆಮನೇಲಿ," ಎಂದ ರೆಂಗಿಲ್. "ಅಲ್ಲಿ ಇದಕ್ಕಿಂತ ಜೋರಾಗಿ ಮಾತಾಡ್ತಾಳೆ."

ಚಾವಡಿಯೆಲ್ಲ ನಕ್ಕಿತು. ಆ ನಗುವಿನಲ್ಲೇ ಮಾತು ಹಗುರಾಯಿತು. ಕಷ್ಟಕ್ಕೆ ಏನು ಮಾಡಬೇಕೆಂದು ಜನ ಯೋಚಿಸತೊಡಗಿದರು. ಹೊರಗಿನ ದ್ವೀಪಗಳಲ್ಲೂ ಕಣ್ಣು ಮಂಜಾದ ಮುದುಕರಿದ್ದಾರೆ, ಅವರನ್ನು ಕರೆತರಲು ದೋಣಿ ಬೇಕೆಂದು ಫೌಸ್ತಿನಾ ಹೇಳಿದಳು. ದವಾಖಾನೆಯಿಂದ ದೋಣಿಗೆ ಎಣ್ಣೆ ಕೊಡಿಸಬಹುದು ಎಂದಳು. ಟೆಲೈ ಕತ್ತು ತುರಿಸಿಕೊಂಡು, "ರಸ್ತೆಗೆ ಅಡ್ಡ ಹಾಕೋಕೆ ಅಂತ ಟಾರ್ಪಾಲು ಆಗ್ಲೇ ಬಿಚ್ಚಿದ್ದೀನಿ," ಎಂದ.

ಆ ಸಂಜೆ ಎಬಿಲ್‌ಗೆ ಬೇರೆ ಕೆಲಸವಿತ್ತು. ಆ ದನಿಯನ್ನು ತಾನು ಕಳಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದಳು. "ಅದು ಸುಳ್ಳು. ನಾನು ವಿಚಾರಿಸದೆ ಕಳಿಸಿದೆ. ತಪ್ಪಾಯ್ತು. ನೀನು ಯಾರಿಗೆ ಕಳಿಸಿದ್ಯೋ ಅವರಿಗೂ ಹೇಳು." ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು. ಗುವಾಮ್‌ನಲ್ಲಿದ್ದ ಚಿಕ್ಕಮ್ಮನ ಮಗಳು ಮಾತ್ರ ಬಹಳ ಹೊತ್ತು ವಾದ ಮಾಡಿದಳು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳಿದಳು. ಕೊನೆಗೆ ಎಬಿಲ್ ಟುರಾಂಗ್ ಅಜ್ಜಿಯ ಮನೆಗೆ ನಡೆದು ಫೋನನ್ನು ಅವಳ ಕೈಗೇ ಕೊಟ್ಟಳು. ಆ ಹುಡುಗಿ ಚಿಕ್ಕವಳಿದ್ದಾಗ ತಾನೇ ಇಟ್ಟಿದ್ದ, ಯಾವ ಯಂತ್ರಕ್ಕೂ ಗೊತ್ತಿರದ ಅಡ್ಡಹೆಸರು ಹಿಡಿದು ಅಜ್ಜಿ ಕರೆದಳು. ಆಮೇಲೆ ಆ ಕಡೆಯಿಂದ ವಾದ ಬರಲಿಲ್ಲ.

ಸೋಮವಾರ ವೈದ್ಯರು ಬಂದರು. ಗದ್ದೆ ಅಳೆಯುವ ಹಗ್ಗವಿರಲಿಲ್ಲ, ಕಣ್ಣು ನೋಡುವ ದೀಪವಿತ್ತು. ಬರುವುದಿಲ್ಲವೆಂದಿದ್ದ ಮೂರು ಮನೆಯವರಲ್ಲಿ ಎರಡು ಮನೆಯವರು ಬಂದರು. ಮೂರನೆಯ ಮನೆಯವರು ಬರಲಿಲ್ಲ. ಒಮ್ಮೆ ಹೊಕ್ಕ ಅನುಮಾನ ಅಷ್ಟು ಬೇಗ ಹೊರಡುವುದಿಲ್ಲ. ಫೌಸ್ತಿನಾ ಈಗಲೂ ಅವರ ಮನೆಗೆ ಹೋಗಿ ಬರುತ್ತಾಳೆ.

ರೆಂಗಿಲ್‌ಗೆ ಕೊರೋರಿನಲ್ಲಿ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮೊದಲು ಹೆಂಡತಿಯನ್ನು ನೋಡಿದ, ಆಮೇಲೆ ಪಕ್ಕದಲ್ಲಿ ನಿಂತಿದ್ದ ಭಾವಮೈದುನನನ್ನು ನೋಡಿದ.

"ಟೆಲೈ, ನಿನ್ನ ತಲೆ ಇಷ್ಟು ಬೆಳ್ಳಗಾಗಿದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲೋ."

"ಮಂಜುಗಣ್ಣೇ ವಾಸಿಯಾಗಿತ್ತು ಭಾವಂಗೆ," ಎಂದ ಟೆಲೈ.

ಪ್ರವಾಸಿಗರು ಮೊದಲಿನಷ್ಟು ಬರುತ್ತಿಲ್ಲ. ಬೇರೆ ಬೇರೆ ದೇಶಗಳಿಂದ ಸಣ್ಣ ಸಣ್ಣ ಗುಂಪುಗಳು ಬರುತ್ತವೆ. ಉಳಿದ ದಿನ ಟೆಲೈ ಮೀನಿಗೆ ಹೋಗುತ್ತಾನೆ, ದವಾಖಾನೆಗೆ ರೋಗಿಗಳನ್ನು ಕರೆತರುತ್ತಾನೆ. ಎಬಿಲ್ ಮತ್ತು ಅವಳ ಜೊತೆಯ ಹೆಂಗಸರು ಶಾಲೆಯ ಮಕ್ಕಳಿಗೆ ಊಟ ಮಾಡಿಕೊಡುವ ಕೆಲಸ ಹಿಡಿದಿದ್ದಾರೆ. ಸಿರಿವಂತರಾಗಿಲ್ಲ. ಆದರೆ ಒಲೆ ಉರಿಯುತ್ತಿದೆ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಸಂಜೆ ಜಗಲಿಯಲ್ಲಿ ರೆಂಗಿಲ್ ಬಲೆ ಹೆಣೆಯುವಾಗ ಎಬಿಲ್ ಪಕ್ಕದಲ್ಲಿ ಕೂತಿರುತ್ತಾಳೆ. ಅವಳ ಮನಸ್ಸು ತುಂಬಿದೆ.

ಓದುತ್ತಿರುವ ಅಕ್ಕ, ಅಣ್ಣ, ಬೆಲಾವು ನಮಗೆ ಸಾಗರಗಳಾಚೆ. ಆದರೆ ನಿಮ್ಮ ಕೈಯಲ್ಲೂ ಅದೇ ಫೋನು ಇದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಓದಿದ ಕೂಡಲೇ ಎದೆ ಹೊಡೆದುಕೊಳ್ಳುವಂಥ, ಸಿಟ್ಟು ನೆತ್ತಿಗೇರುವಂಥ ಸುದ್ದಿ ಬಂದರೆ, ಎಲ್ಲರಿಗೂ ಕಳಿಸಿ ಎಂದು ಅದರಲ್ಲೇ ಬರೆದಿದ್ದರೆ, ಅಲ್ಲೇ ನಿಲ್ಲಿ. ಮೊದಲು ಹೇಳಿದವರು ಯಾರೆಂದು ಹುಡುಕಿ. ಯಾರ ಹೆಸರಿನಲ್ಲಿ ಬಂದಿದೆಯೋ ಅವರನ್ನೇ ಕೇಳಿ. ಅವರು ದೂರದವರಾದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಮೇಷ್ಟ್ರನ್ನೋ ಪಂಚಾಯಿತಿಯವರನ್ನೋ ಕೇಳಿ. ವಿಚಾರಿಸದೆ ಕಳಿಸಿಬಿಟ್ಟಿದ್ದರೆ, ಎಬಿಲ್‌ಳಂತೆ ತಪ್ಪಾಯಿತೆಂದು ಹೇಳಿ. ಅದರಿಂದ ಮಾನ ಹೋಗುವುದಿಲ್ಲ.

ಹೆದರಿಸಿ ಒಪ್ಪಿಸುವವರಿಗೂ ಸುಳ್ಳು ಹೇಳಿ ಒಪ್ಪಿಸುವವರಿಗೂ ಬೇಕಾಗಿರುವುದು ಒಂದೇ: ನೀವು ಪಕ್ಕದವರ ಹತ್ತಿರ ಮಾತಾಡದೆ, ಒಬ್ಬರೇ ಕೂತು, ಗಾಬರಿಯಲ್ಲಿ ತೀರ್ಮಾನ ಮಾಡಬೇಕು. ಅದೊಂದನ್ನು ಅವರಿಗೆ ಕೊಡಬೇಡಿ. ಚಪ್ಪಲಿ ಮೆಟ್ಟಿ ಹೊರಡಿ. ಕೇಳಿಕೊಂಡು ಬನ್ನಿ.