ಮಿರ್ಚಿಗೆ ಬಂದ ಗಾಲಿಗಳು

ವರ್ಷದ ರೂಢಿಯಂತೆ ಹನುಮಂತಮ್ಮ ಹುರುಳಿ ಗಿಡಗಳನ್ನು ಡಾಂಬರು ರಸ್ತೆಯ ಮೇಲೆ ಹರವಿ ಕಾದು ಕೂತಳು. ಬಂದದ್ದು ಒಂದು ಸೈಕಲ್ಲು, ಎರಡು ಆಡು. ಆಡುಗಳು ತಿಂದೂ ಹೋದವು.

ಮೊದಲು ಇರಕಲ್ಲಗಡದ ಕಡೆಯ ಲಾರಿ, ಬಸ್ಸೆಲ್ಲ ಇಲ್ಲೇ ಹಾಯುತ್ತಿದ್ದವು. ಬೆಳಿಗ್ಗೆ ಹರವಿದರೆ ಸಂಜೆಗೆ ಗಾಲಿಗಳೇ ಕಾಳು ಬಿಡಿಸಿ ಕೊಡುತ್ತಿದ್ದವು. ಊರ ಹೊರಗೆ ಹೊಸ ರಸ್ತೆ ಆದದ್ದೇ ತಡ, ಎಲ್ಲರೂ ಅತ್ತ ತಿರುಗಿದರು. ಊರಿನ ಟ್ರಾಕ್ಟರುಗಳು ಭತ್ತದ ಸುಗ್ಗಿಗೆ ಶ್ರೀರಾಮನಗರಕ್ಕೆ ಹೋಗಿದ್ದವು. ಬಡಿಗೆ ಹಿಡಿದು ಬಡಿದರೆ ವಾರ ಬೇಕು. ಪಡುವಣಕ್ಕೆ ಮೋಡ ಕಪ್ಪಾಗುತ್ತಿತ್ತು. ಮಳೆ ಬರುವುದರೊಳಗೆ ಕಾಳು ಬಿಡಿಸದಿದ್ದರೆ ಅಷ್ಟೂ ಹುರುಳಿ ಕೊಳೆಯುತ್ತದೆ.

ಹನುಮಂತಮ್ಮ ದೂರದ ಹೊಸ ರಸ್ತೆಯನ್ನೇ ನೋಡಿದಳು. ಗಾಡಿಯವರು ಯಾವುದಕ್ಕೆ ದಾರಿ ಬಿಟ್ಟು ಬರುತ್ತಾರೆ? ಅಷ್ಟರಲ್ಲಿ ಅವಳ ನೆಗೆಣ್ಣಿ, ಮೈದುನನ ಹೆಂಡತಿ ಭೀಮಕ್ಕ, ಒಲೆ, ಬಾಣಲೆ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಿದ್ದಳು. ಮಿರ್ಚಿ ಬಜ್ಜಿ ಕರಿಯುವುದು ಅವಳ ದಿನದ ಕೆಲಸ.

"ಭೀಮಕ್ಕ, ಒಲಿ ಇಲ್ಲೇ ಹೂಡು. ಹುರುಳಿ ದಾಟಿ, ಆ ಕಡಿ ತುದಿಗೆ."

"ಅಲ್ಲಿ ಯಾರ ತಿಂತಾರಕ್ಕ? ದೆವ್ವ?"

"ಬಾಯಿ ಮುಚ್ಚಿ ಎಣ್ಣಿ ಕಾಸು."

ಹನುಮಂತಮ್ಮ ಗೊಬ್ಬರದ ಚೀಲ ಹರಿದು, ಇದ್ದಿಲಿನಿಂದ 'ಬಿಸಿ ಮಿರ್ಚಿ' ಎಂದು ಬರೆದು, ಬಾಣದ ಗುರುತು ಎಳೆದು, ಹೊಸ ರಸ್ತೆಯಿಂದ ದಾರಿ ಕವಲೊಡೆಯುವಲ್ಲಿದ್ದ ಬೇವಿನ ಗಿಡಕ್ಕೆ ಕಟ್ಟಿ ಬಂದಳು.

ಮೊದಲು ಬಂದದ್ದು ಗಂಗಾವತಿಯ ಮಕ್ಬುಲಸಾಬ, ತೌಡಿನ ಲಾರಿಯವನು. ಹುರುಳಿಯ ಮುಂದೆ ಗಾಡಿ ನಿಲ್ಲಿಸಿದ, ಇಳಿದ, ಚಪ್ಪಲಿ ಕೈಯಲ್ಲಿ ಹಿಡಿದು ಅಂಚಿನಲ್ಲೇ ನಡೆದು ಬಂದ.

ಹನುಮಂತಮ್ಮನ ಪಿತ್ತ ನೆತ್ತಿಗೇರಿತು. "ಗಾಡಿ ಅಲ್ಲ್ಯಾಕ ಬಿಟ್ಟಿ?"

"ಕಾಳಿನ ಮ್ಯಾಲ ಹ್ಯಾಂಗ ಹಾಯಿಸ್ಲವ್ವ?"

"ಹಾಯಿಸ್ಲಿ ಅಂತನ ಹಾಕೀನಿ! ಇಲ್ಲಾಂದ್ರ ನಿನ್ನ ಮಾರಿ ನೋಡಾಕ ಮಿರ್ಚಿ ಕರಸೀನೇನು?"

ಮಕ್ಬುಲಸಾಬ ಒಂದು ಗಳಿಗೆ ಕಣ್ಣು ಪಿಳುಕಿಸಿ, ಹೊಟ್ಟೆ ಹಿಡಿದು ನಕ್ಕ. ಹಿಂದಕ್ಕೆ ಹೋಗಿ ಲಾರಿ ಹತ್ತಿದ. ಗಾಲಿಯಡಿ ಒಣ ಗಿಡ ಚಟಪಟ ಅಂದಿತು.

ಬೈಕಿನವರು ಮಾತ್ರ ಪಕ್ಕದ ಮಣ್ಣಿಗಿಳಿದು ಜಾರಿಕೊಂಡು ಹೋದರು. ಕಾಳಿನ ಮೇಲೆ ಜಾರಿ ಬಿದ್ದಾರೆಂದು ಅವರನ್ನು ಬಿಟ್ಟಳು. ಆದರೆ ಟಂಟಂ ಆಟೋ, ಕಾರಿನವರೂ ಅದೇ ಹಾದಿ ಹಿಡಿದಾಗ ಬೈಕಿಗಷ್ಟೇ ಜಾಗ ಬಿಟ್ಟು ಜಾಲಿ ಮುಳ್ಳು ಕಡಿದು ಆ ಮಣ್ಣಿಗೆ ಒಟ್ಟಿದಳು. ಕಾರಿನವನೊಬ್ಬ ಬೈದ. ಅವಳು ಅದಕ್ಕಿಂತ ಚೆನ್ನಾಗಿ ಬೈದಳು. ಬೈಸಿಕೊಂಡವನು ಕಾಳಿನ ಮೇಲೆ ಹಾಯ್ದು ಬಂದು ಎರಡು ಪ್ಲೇಟು ತಿಂದ.

ಸಂಜೆಯ ಹೊತ್ತಿಗೆ ಮೆಣಸಿನಕಾಯಿ ಮುಗಿದವು. ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ. ರಾಶಿ ಗುಡಿಸಿ ರಸ್ತೆಯ ನಡುವೆ ಗುಡ್ಡೆ ಮಾಡುತ್ತಿದ್ದಂತೆ ದಪ್ಪ ಹನಿ ಬಿದ್ದವು. ಚೀಲ ತುಂಬಲು ಹೊತ್ತಿಲ್ಲ.

ತೌಡು ಇಳಿಸಿ ಮಕ್ಬುಲಸಾಬ ವಾಪಸ್ಸು ಬಂದಿದ್ದ. "ಮಿರ್ಚಿ ಅದಾವೇನವ್ವ?"

ಹನುಮಂತಮ್ಮ ಪೊರಕೆ ಎಸೆದು ಲಾರಿಯತ್ತ ಓಡಿದಳು. ಕುಕ್ಕರಗಾಲಲ್ಲಿ ಕೂತು ಲಾರಿಯ ಅಡಿ ಬಗ್ಗಿ ನೋಡಿದಳು. ಗಾಲಿಯಿಂದ ಗಾಲಿಗೆ ಎಷ್ಟು ಅಗಲ? ಗುಡ್ಡೆ ಎಷ್ಟು ಎತ್ತರ? ಎರಡೂ ಕೈ ಚಾಚಿ ಅಳೆದಳು.

"ಏನ್ ಹುಡಕಾಕತ್ತೀಯವ್ವ ಅಲ್ಲಿ?"

"ಕಾಳಿಗೊಂದು ಸೂರು ಹುಡಕಾಕತ್ತೀನಿ. ಗಾಡಿ ಮುಂದ ತಗೊಂಡ ಬಾ. ಗಾಲಿ ಆಕಡಿಗೊಂದು ಈಕಡಿಗೊಂದು. ಕಾಳು ನಡುವ ಇರ್ಲಿ."

ಅವನಿಗೆ ಅರ್ಥವಾಯಿತು. ಲಾರಿ ಮೆಲ್ಲಗೆ ಸರಿದು ರಾಶಿಯನ್ನು ತನ್ನ ಹೊಟ್ಟೆಯಡಿಗೆ ಎಳೆದುಕೊಂಡಿತು. ಭೀಮಕ್ಕ ತೌಡಿಗೆ ಹೊದಿಸಿದ್ದ ಲಾರಿಯ ತಾಡಪತ್ರಿಯನ್ನು ಎರಡೂ ಬದಿಗೆ ಇಳಿಬಿಟ್ಟಳು. ನೀರು ನುಗ್ಗದಂತೆ ಹನುಮಂತಮ್ಮ ಸುತ್ತ ಮಣ್ಣಿನ ಒಡ್ಡು ಹಾಕಿದಳು. ಮಳೆ ಧೋ ಎಂದು ಸುರಿಯಿತು.

ಅವಳು ಲಾರಿಯ ಅಡಿಗೆ ತೆವಳಿ ಹೋಗಿ ರಾಶಿಯೊಳಗೆ ಮೊಳಕೈವರೆಗೂ ಕೈ ತೂರಿಸಿದಳು. ಒಣಗಿಯೇ ಇತ್ತು.

"ಎಷ್ಟೊತ್ತು ನಿಲ್ಲಬೇಕವ್ವ ನಾನು?" ಮೇಲಿನಿಂದ ಮಕ್ಬುಲಸಾಬ ಕೂಗಿದ.

"ಅದನ್ನ ಮಳಿನ್ನ ಕೇಳು!"